ಅತ್ತೆಯ ನಕ್ಷತ್ರಕ್ಕೆ ಕಾವಲು ಕೂತ ಮಾವ

ನಮ್ಮ ಮಾವ ಒಂದು ಸಾವಿನ ಸುದ್ದಿಗಾಗಿ ಕಾಯುತ್ತಿದ್ದಾರೆ. ಗಾಬರಿಯಾಗಬೇಡಿ, ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿಲ್ಲ, ಆಸ್ತಿಗೀಸ್ತಿಯ ತಕರಾರೂ ಇಲ್ಲ. ಆದರೆ ಸ್ನಾನಕ್ಕೆ ಹೋದಾಗಲೂ ಫೋನನ್ನು ಬಚ್ಚಲುಮನೆ ಕಿಟಕಿಯ ಮೇಲೆ ಇಟ್ಟುಕೊಂಡು, ಇಷ್ಟು ವರ್ಷದಿಂದ, ಇಷ್ಟು ಶ್ರದ್ಧೆಯಿಂದ ಒಂದು ಸಾವಿಗೆ ಕಾಯುವ ಮನುಷ್ಯ ಅರಸೀಕೆರೆಯಲ್ಲಂತೂ ಇಲ್ಲ, ಇಡೀ ಹಾಸನ ಜಿಲ್ಲೆಯಲ್ಲೇ ಇರಲಾರ. ಸಾಯಬೇಕಾದದ್ದು ಒಂದು ನಕ್ಷತ್ರ. ಯಾವತ್ತು ಸಾಯುತ್ತೆ ಮಾವ ಅಂತ ಕೇಳಿದರೆ, ಇವತ್ತು ಸಂಜೆಯೂ ಆಗಬಹುದು, ಲಕ್ಷ ವರ್ಷ ಬಿಟ್ಟೂ ಆಗಬಹುದು ಅನ್ನುತ್ತಾರೆ. ನೀವೇ ಹೇಳಿ, ಇಂಥವರನ್ನು ಕಟ್ಟಿಕೊಂಡು ಒಂದು ಮದುವೆಗೆ ಹೋಗಿ ಬರುವುದಾದರೂ ಹೇಗೆ?

ಮಾವ ಅಂದರೆ ನನ್ನ ತಾಯಿಯ ತಮ್ಮ. ಅರಸೀಕೆರೆ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದು ರಿಟೈರ್ ಆದವರು. ಅವರ ಮನೆಯಿಂದ ಎರಡು ಬೀದಿ ಆಚೆ ನನ್ನ ಮನೆ. ಅದೇ ಊರಿನ ಬ್ಯಾಂಕೊಂದರ ಕೌಂಟರಿನಲ್ಲಿ ನನ್ನ ಕೆಲಸ. ಹೀಗಾಗಿ, ನಿಮ್ಮ ಮಾವನಿಗೆ ಏನಾಗಿದೆ ಅಂತ ಊರಿನವರು ಕೇಳುವುದಕ್ಕೆಲ್ಲ ಉತ್ತರ ಕೊಡುವ ಕೆಲಸ, ಸಂಬಳವಿಲ್ಲದೆ, ನನ್ನ ತಲೆಗೇ ಬಿದ್ದಿದೆ. ನನಗೋ ಕೋಪ ಮೂಗಿನ ತುದಿಯಲ್ಲಿ. ಅದಕ್ಕೇ ಎಲ್ಲರಿಗೂ ಒಂದೇ ಸಲ ಹೇಳಿ ಮುಗಿಸೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟು. ದೊಡ್ಡ ನಕ್ಷತ್ರ ಸಾಯುವಾಗ ಮೊದಲು ಅದರ ಹೊಟ್ಟೆ ಕುಸಿಯುತ್ತದಂತೆ. ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ, ಮೈಯೆಲ್ಲ ನಿನ್ನೆ ಇದ್ದ ಹಾಗೇ ಇರುತ್ತದೆ. ಆದರೆ ಕುಸಿದ ಆ ಕ್ಷಣದಲ್ಲಿ ಒಳಗಿನಿಂದ ನ್ಯೂಟ್ರಿನೊ ಅನ್ನುವ ಕಣಗಳು ಲೆಕ್ಕವಿಲ್ಲದಷ್ಟು ಹೊರಟುಬಿಡುತ್ತವೆ. ಅವಕ್ಕೆ ಗೋಡೆಯಿಲ್ಲ, ಬೆಟ್ಟವಿಲ್ಲ, ಭೂಮಿಯನ್ನೇ ತೂರಿಕೊಂಡು ಆಚೆ ಹೋಗುತ್ತವೆ. ಬೆಳಕು ಪಾಪ ಅಷ್ಟು ಜಾಣ ಅಲ್ಲ. ಸ್ಫೋಟ ಹೊರಮೈ ತಲುಪುವ ತನಕ ಒಳಗೇ ಒದ್ದಾಡುತ್ತಿರುತ್ತದೆ. ಹಾಗಾಗಿ ನಕ್ಷತ್ರ ಸತ್ತ ಸುದ್ದಿ ನಮಗೆ ಮೊದಲು ಬರುತ್ತದೆ, ಸತ್ತದ್ದು ಕಣ್ಣಿಗೆ ಕಾಣುವುದು ಕೆಲವು ಗಂಟೆ ಬಿಟ್ಟು. ಈ ಕಣಗಳನ್ನು ಹಿಡಿಯುವುದಕ್ಕೆ ದೇಶವಿದೇಶಗಳಲ್ಲಿ ಬೆಟ್ಟದ ಅಡಿ, ಗಣಿಯ ತಳ, ಮಂಜುಗಡ್ಡೆಯ ಆಳದಲ್ಲೆಲ್ಲ ಕೇಂದ್ರಗಳಿವೆ. ಒಂದಕ್ಕಿಂತ ಹೆಚ್ಚು ಕಡೆ ಒಟ್ಟಿಗೆ ಸಿಕ್ಕಿಬಿದ್ದರೆ, ಹೆಸರು ಕೊಟ್ಟವರಿಗೆಲ್ಲ ಒಂದು ಸಂದೇಶ ಬರುತ್ತದೆ. ಯಾರು ಬೇಕಾದರೂ ಹೆಸರು ಕೊಡಬಹುದು. ದೊಡ್ಡ ದೊಡ್ಡ ವಿಜ್ಞಾನಿಗಳು ಕೊಟ್ಟಿದ್ದಾರೆ. ನಮ್ಮ ಮಾವನೂ ಕೊಟ್ಟಿದ್ದಾರೆ.

ಇದನ್ನೆಲ್ಲ ಯಾವುದೋ ಪತ್ರಿಕೆಯಲ್ಲಿ ಓದಿದ ದಿನ ಮಾವ ನಮ್ಮ ಮನೆಗೆ ಹೆಚ್ಚುಕಡಿಮೆ ಓಡಿಬಂದಿದ್ದರು. ಹಿಂದಿನ ಸ್ಟೇಷನ್ ಬಿಟ್ಟ ಗಾಡಿಯ ಸುದ್ದಿ ಗಂಟೆ ಹೊಡೆದು ನಮ್ಮ ಸ್ಟೇಷನ್ನಿಗೆ ಮೊದಲು ಬರುತ್ತಿತ್ತಲ್ಲ, ಗಾಡಿ ಆಮೇಲೆ ಬರುತ್ತಿತ್ತಲ್ಲ, ಇದೂ ಅದೇ ಕಣೇ ಅಂದರು. ಜೀವಮಾನವೆಲ್ಲ ಅವರು ಮಾಡಿದ್ದು ಅದೇ ಕೆಲಸ. ಇನ್ನೂ ಕಾಣದ ಗಾಡಿಯನ್ನು ನಂಬಿ ಸಿಗ್ನಲ್ ಕೊಡುವುದು. ಸರ್ಕಾರ ರಿಟೈರ್ ಮಾಡಿದ ಮೇಲೆ ಆಕಾಶದವರು ಕರೆದು ಡ್ಯೂಟಿ ಕೊಟ್ಟರು ಅಂತ ನಾನು ನಕ್ಕೆ. ಅವರು ನಗಲಿಲ್ಲ.

ನಗದೇ ಇದ್ದದ್ದಕ್ಕೆ ಕಾರಣ ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಅತ್ತೆಯ ಕಣ್ಣು ಹೋಗುತ್ತಿತ್ತು. ಅತ್ತೆ ಅಂದರೆ ಮಾವನ ಹೆಂಡತಿ, ಹಳೇಬೀಡಿನ ಹತ್ತಿರ ಮಾದಿಹಳ್ಳಿಯವರು. ಕಣ್ಣಿನ ನರ ಸೊರಗುತ್ತಾ ಹೋಗುವ ಕಾಯಿಲೆ. ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಎಷ್ಟು ದಿನ ಆಗುತ್ತೋ ಅಷ್ಟು ದಿನ ಉಳಿಸಿಕೊಳ್ಳೋಣ ಅಂತ ಹಾಸನದ ಡಾಕ್ಟರು ಹೇಳಿ ಕೈಗೆ ಡ್ರಾಪ್ಸ್ ಕೊಟ್ಟು ಕಳಿಸಿದ್ದರು. ಹಗಲು ಹೇಗೋ ನಡೆಯುತ್ತಿತ್ತು. ಕತ್ತಲಾದರೆ ಚಂದ್ರ ಮಾತ್ರ ಬೆಳ್ಳಗೆ, ಮಸುಕಾಗಿ ಕಾಣುತ್ತಿದ್ದ. ನಕ್ಷತ್ರ ಒಂದೂ ಕಾಣುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ಚಾಪೆ ಹಾಸಿಕೊಂಡು, ಮಾವನಿಗೆ ಒಂದೊಂದೇ ನಕ್ಷತ್ರ ತೋರಿಸಿ ಹೆಸರು ಹೇಳಿಕೊಟ್ಟವರೇ ಅತ್ತೆ. ಸಾಲಾಗಿ ನಿಂತ ಮೂರು ಚುಕ್ಕಿ, ಅದರಿಂದ ಸ್ವಲ್ಪ ದೂರದಲ್ಲಿ ಕೆಂಪಗೆ ಇರುವುದು ಆರಿದ್ರಾ, ಅದು ನನ್ನ ಜನ್ಮನಕ್ಷತ್ರ ಅಂತ ಹೇಳಿದ್ದೂ ಅವರೇ.

ಆ ಆರಿದ್ರಾವೇ ಈಗ ಮುದಿಯಾಗಿರುವುದು. ನಮಗೆ ಕಾಣುವ ನಕ್ಷತ್ರಗಳಲ್ಲಿ ಇವತ್ತೋ ನಾಳೆಯೋ ಅನ್ನುವ ಸ್ಥಿತಿಯಲ್ಲಿರುವುದು ಅದೇ. ಸಿಡಿದರೆ ಅರ್ಧಚಂದ್ರನಷ್ಟು ಬೆಳಗುತ್ತದೆ, ಹಗಲಲ್ಲೂ ಕಾಣುತ್ತದೆ, ತಿಂಗಳುಗಟ್ಟಲೆ ಆರುವುದಿಲ್ಲ. ಅತ್ತೆಯ ಕಣ್ಣಿಗೆ ಇನ್ನೊಮ್ಮೆ ಕಾಣಬಹುದಾದ ನಕ್ಷತ್ರ ಅಂತ ಇದ್ದರೆ ಅದೊಂದೇ. ಅವರ ಕಣ್ಣು ಪೂರ್ತಿ ಹೋಗುವುದರೊಳಗೆ ಅದು ಸಿಡಿಯಬೇಕು. ಮಾವ ದೇವರಿಗೂ ಕೈಮುಗಿಯದೆ, ಯಾರಿಗೂ ಹೇಳದೆ, ಫೋನು ಹಿಡಿದುಕೊಂಡು ಬೇಡುತ್ತಿದ್ದದ್ದು ಇಷ್ಟನ್ನೇ.

ಇದು ಗೊತ್ತಾದ ಮೇಲೆ ನಾನು ಮಾವನ ಮೇಲೆ ರೇಗುವುದನ್ನು ಬಿಟ್ಟೆನೇ ಅಂತ ಕೇಳಬೇಡಿ. ಬಿಡಲು ಅವರು ಅವಕಾಶ ಕೊಟ್ಟರೆ ತಾನೇ!

ಫೋನಿನ ಕಥೆ ಕೇಳಿ. ಆ ಸಂದೇಶ ಬಂದಾಗ ಅದು ಬೇರೆ ಸಂದೇಶಗಳ ಗುಂಪಿನಲ್ಲಿ ಕಳೆದುಹೋಗಬಾರದು ಅಂತ ಮಾವ ಮೊದಲು ಗುಡ್ ಮಾರ್ನಿಂಗ್ ಗುಲಾಬಿ ಕಳಿಸುವವರನ್ನೆಲ್ಲ ಬ್ಲಾಕ್ ಮಾಡಿದರು. ಅದರಲ್ಲಿ ಅರ್ಧ ಬಳಗ ಹೋಯಿತು. ಆಮೇಲೆ ಶುಭ ಸೋಮವಾರದವರು ಹೋದರು. ಕೊನೆಗೆ ಏಕಾದಶಿಯ ಮಹತ್ವ ಕಳಿಸುತ್ತಿದ್ದ ಸ್ವಂತ ಅಕ್ಕ, ಅಂದರೆ ನಮ್ಮಮ್ಮ, ಅವರೂ ಹೋದರು. ಹಬ್ಬಕ್ಕೆ ಕರೆಯೋಣ ಅಂತ ಅಮ್ಮ ಎರಡು ದಿನ ಫೋನು ಮಾಡಿ ಮಾಡಿ, ಕೊನೆಗೆ ಆಟೋ ಮಾಡಿಕೊಂಡು ಹೋಗಿ ತಮ್ಮನ ಬಾಗಿಲು ತಟ್ಟಿ, ನಾನು ನಕ್ಷತ್ರ ಅಲ್ಲ ಕಣೋ, ನಿನ್ನಕ್ಕ, ಒಳಗೆ ಬರಲಾ ಅಂತ ಕೇಳಿದರಂತೆ. ಮಾವ ತುಂಬ ಗಂಭೀರವಾಗಿ, ಬಾ ಅಕ್ಕ, ಆದರೆ ಸುದ್ದಿ ಬಂದರೆ ಮಧ್ಯದಲ್ಲಿ ಎದ್ದು ಹೋಗ್ತೀನಿ ಅಂದರಂತೆ.

ಮದುವೆಮನೆಗಳಲ್ಲಿ ಇನ್ನೊಂದು ಥರ. ಹಗರೆಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಮಾವನ ಪಕ್ಕ ಕೂತವರು ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರಿ, ವಿಭೂತಿ ಹಚ್ಚಿದ ಹಿರಿಯರು, ಮಠಕ್ಕೆ ನಡೆದುಕೊಳ್ಳುವವರು. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಮಾವ ಅವರ ಎಲೆಯನ್ನು ತೋರಿಸಿ, ಈ ಕ್ಷಣದಲ್ಲಿ ನಿಮ್ಮ ಹೋಳಿಗೆಯೊಳಗೆ ಕೋಟಿಗಟ್ಟಲೆ ನ್ಯೂಟ್ರಿನೊ ಓಡಾಡುತ್ತಿವೆ ಅಂತ ಶುರುಮಾಡಿದರು. ಸೂರ್ಯನಿಂದಲೂ ಅವು ಬರುತ್ತಲೇ ಇರುತ್ತವಲ್ಲ. ಹಿರಿಯರು ಕೈ ಹಿಂದಕ್ಕೆಳೆದುಕೊಂಡರು. ಮಾವ ಎಲ್ಲ ವಿವರಿಸಿ ಮುಗಿಸುವವರೆಗೂ ಹೋಳಿಗೆಯನ್ನೇ ನೋಡುತ್ತಾ ಕೂತಿದ್ದು, ಕೊನೆಗೆ ಮೆಲ್ಲಗೆ, ಸ್ವಾಮಿ, ಅವು ಸಸ್ಯಾಹಾರಿ ತಾನೇ ಅಂತ ಕೇಳಿದರು. ಮಾವನಿಗೆ ಈ ಪ್ರಶ್ನೆ ಬಹಳ ಹಿಡಿಸಿತು. ಯೋಚನೆ ಮಾಡಿ, ಅವು ಯಾರನ್ನೂ ಮುಟ್ಟುವುದೇ ಇಲ್ಲ ಅಂದರು. ಮುಟ್ಟದೇ ಇರುವವರ ಬಗ್ಗೆ ಹಿರಿಯರಿಗೆ ತಕರಾರಿರಲಿಲ್ಲ. ಎರಡನೇ ಹೋಳಿಗೆಯನ್ನೂ ಹಾಕಿಸಿಕೊಂಡರು.

ಹಳೇಬೀಡಿನಲ್ಲಿ ಗೈಡೊಬ್ಬನ ಹೊಟ್ಟೆಯ ಮೇಲೂ ಹೊಡೆದಿದ್ದಾರೆ. ದೇವಸ್ಥಾನ ನಿಂತಿರುವ ಜಗತಿ ನಕ್ಷತ್ರದ ಆಕಾರದಲ್ಲಿದೆ ಅಂತ ಆತ ಪ್ರವಾಸಿಗಳಿಗೆ ಹೇಳುತ್ತಿದ್ದ. ಯಾರಿಗೂ ಸಂಬಂಧವಿಲ್ಲದ ನಮ್ಮ ಮಾವ ಗುಂಪಿನ ಹಿಂದಿನಿಂದ, ನಕ್ಷತ್ರ ದುಂಡಗಿರುತ್ತೆ, ಅದಕ್ಕೆ ಮೂಲೆ ಇರಲ್ಲ ಅಂದರು. ಗುಂಪೆಲ್ಲ ಇವರ ಕಡೆ ತಿರುಗಿತು. ಆಮೇಲೆ ಒಂದು ಗಂಟೆ ಆ ಗುಂಪು ಶಿಲ್ಪ ನೋಡಲಿಲ್ಲ, ಆಕಾಶ ನೋಡಿತು. ಈ ಊರು ರಾಜಧಾನಿಯಾಗಿದ್ದು ಹಾಳಾಯಿತಲ್ಲ, ಹೆಚ್ಚುಕಡಿಮೆ ಆ ಕಾಲದ ಆಸುಪಾಸಿನಲ್ಲಿ ಆರಿದ್ರಾದಿಂದ ಹೊರಟ ಬೆಳಕು ಈಗ ನಮಗೆ ತಲುಪುತ್ತಿದೆ ಅಂತ ಹೇಳಿದಾಗ ಒಬ್ಬ ಹೆಂಗಸಂತೂ ಸೆರಗು ಸರಿಮಾಡಿಕೊಂಡು ಕೈಮುಗಿದರು. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, ಇವರನ್ನ ದಿನಾ ಕರ್ಕೊಂಡು ಬರ್ತೀರಾ ಅಂತ ಆತಂಕದಿಂದ ಕೇಳಿದ. ಇಲ್ಲಪ್ಪ ಅಂದೆ. ಅವನಿಗೆ ಹೋದ ಜೀವ ಬಂತು.

ಅವತ್ತೇ ಅಲ್ಲಿಂದ ಹುಲಿಕೆರೆಯ ಕಲ್ಯಾಣಿಗೆ ಹೋದೆವು. ಮೆಟ್ಟಿಲು ಮೆಟ್ಟಿಲಾಗಿ ನೆಲದೊಳಕ್ಕೆ ಇಳಿಯುವ ಹಳೇ ಕೊಳ. ಸುತ್ತ ಪುಟ್ಟ ಪುಟ್ಟ ಗುಡಿ, ತಳದಲ್ಲಿ ನೀರು. ಮಾವ ಮೇಲೆ ನಿಂತು ಬಗ್ಗಿ ನೋಡತೊಡಗಿದರು. ನ್ಯೂಟ್ರಿನೊ ಹಿಡಿಯುವುದೂ ಇಂಥ ತೊಟ್ಟಿಯಲ್ಲೇ ಅಂತೆ. ನೆಲದಾಳದಲ್ಲಿ ದೊಡ್ಡ ತೊಟ್ಟಿ, ಅದರ ತುಂಬ ಶುದ್ಧವಾದ ನೀರು, ಪೂರಾ ಕತ್ತಲೆ. ಕೋಟಿ ಕೋಟಿ ಕಣಗಳು ಸುಮ್ಮನೆ ಹಾದುಹೋದರೆ ಎಲ್ಲೋ ಒಂದು ನೀರಿಗೆ ತಾಗಿ ಚೂರು ನೀಲಿ ಬೆಳಕು ಮಿಂಚುತ್ತದೆ, ಅದನ್ನು ಗೋಡೆಯ ಮೇಲಿನ ಉಪಕರಣಗಳು ಹಿಡಿಯುತ್ತವೆ. ಇದಕ್ಕೆ ಮೇಲೊಂದು ಮುಚ್ಚಳ ಹಾಕಿಬಿಟ್ಟರೆ ಸಾಕು ಅಂತ ಮಾವ ಗಟ್ಟಿಯಾಗಿಯೇ ಹೇಳಿದರು. ಮೈಮೇಲೆ ಹಳೇ ರೈಲ್ವೆ ಕೋಟು ಬೇರೆ ಇತ್ತು. ನಾವು ಟೀ ಕುಡಿದು ವಾಪಸ್ ಹೊರಡುವ ಹೊತ್ತಿಗೆ, ರೈಲ್ವೆಯವರು ಬಂದು ನೋಡಿ ಹೋದರಂತೆ, ಕಲ್ಯಾಣಿ ಮುಚ್ಚಿ ಮೇಲೆ ಲೈನ್ ಎಳೀತಾರಂತೆ ಅಂತ ಬಸ್ ಸ್ಟಾಪಿನಲ್ಲಿ ನಮಗೇ ಒಬ್ಬರು ಹೇಳಿದರು. ಮಾವ ಕೋಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡರು.

ಅಷ್ಟಕ್ಕೆ ಮುಗಿಯಿತೇ? ಮನೆಗೆ ಬಂದವರು ಸಂಪಿನ ಸುತ್ತ ತಿರುಗತೊಡಗಿದರು. ಅರಸೀಕೆರೆಯಲ್ಲಿ ನಲ್ಲಿ ನೀರು ಬರುವುದೇ ಒಂದು ವಿಶೇಷ. ಬಂದ ನೀರನ್ನೆಲ್ಲ ನೆಲದೊಳಗಿನ ಸಂಪಿಗೆ ತುಂಬಿಸಿ, ತೀರ್ಥದ ಹಾಗೆ ಬಳಸುತ್ತೇವೆ. ಆ ಸಂಪಿಗೆ ಮಾವ ಕರೀ ಟಾರ್ಪಾಲು ಹೊದಿಸಿ, ಹಳೇ ಫೋನೊಂದನ್ನು ಡಬ್ಬಿಯಲ್ಲಿಟ್ಟು, ಕ್ಯಾಮೆರಾ ಚಾಲೂ ಮಾಡಿ ಒಳಗೆ ಇಳಿಬಿಟ್ಟರು. ಮುಚ್ಚಳ ತೆಗೆಯುವ ಹಾಗಿಲ್ಲ. ಅತ್ತೆ ಇಡೀ ದಿನ ಪಕ್ಕದ ಮನೆಯಿಂದ ನೀರು ತಂದು ಅಡುಗೆ ಮಾಡಿದರು. ಮಾರನೇ ದಿನ ಮಾವ ಬ್ಯಾಂಕಿಗೇ ಬಂದು, ಕ್ಯೂನಲ್ಲಿದ್ದವರನ್ನೆಲ್ಲ ದಾಟಿಕೊಂಡು, ಮಿಂಚಿದೆ ಕಣೇ ಅಂತ ನನ್ನ ಮುಂದೆ ಫೋನು ಹಿಡಿದರು. ನಿಜಕ್ಕೂ ಆ ಕತ್ತಲಲ್ಲಿ, ಟಾರ್ಪಾಲಿನ ಸಂದಿಯಿಂದ ಚೂರು ಬೆಳಕು ನುಸುಳಿದ ಕಡೆ, ಎರಡು ಚುಕ್ಕಿ ಫಳ್ಳನೆ ಹೊಳೆದಿದ್ದವು. ಕಪ್ಪೆಯ ಕಣ್ಣು! ಮ್ಯಾನೇಜರೂ ಬಂದು ನೋಡಿ ಕಪ್ಪೆಯೇ ಅಂತ ಖಾತ್ರಿ ಮಾಡಿದರು.

ಸಂಜೆ ಹೋಗಿ ಚೆನ್ನಾಗಿ ಬೈದೆ. ಮನೆಯ ಸಂಪಿನಲ್ಲಿ ನಕ್ಷತ್ರ ಸಿಗುತ್ತಾ ಮಾವ, ಇಷ್ಟು ಓದಿಕೊಂಡು ಇದೆಂಥ ಹುಚ್ಚು ಅಂದೆ.

"ಸಿಗಲ್ಲ ಅಂತ ನಂಗೂ ಗೊತ್ತು ಕಣೇ," ಅಂದರು. "ಅವಳ ಕಣ್ಣು ದಿನಾ ಇಷ್ಟಿಷ್ಟೇ ಹೋಗ್ತಿರೋವಾಗ ನಾನು ಕೈಕಟ್ಟಿ ಕೂತ್ಕೊಳ್ಳೋದು ಹೇಗೆ ಹೇಳು."

ಅತ್ತೆ ಸಂಪಿನ ಕಪ್ಪೆಯನ್ನು ಚೊಂಬಿನಲ್ಲಿ ಹಿಡಿದು ಕರಿಬೇವಿನ ಗಿಡದ ಬುಡಕ್ಕೆ ಬಿಟ್ಟು ಬಂದರು.

ಅತ್ತೆ ಸಿಟ್ಟಾದದ್ದನ್ನು ನಾನು ನೋಡಿದ್ದು ಒಂದೇ ಸಲ, ಬೇಲೂರಿನಲ್ಲಿ. ಅರ್ಚನೆ ಮಾಡಿಸಲು ನಿಂತಿದ್ದೆವು. ಅರ್ಚಕರು ಹೆಸರು, ನಕ್ಷತ್ರ ಕೇಳಿದರು. ಅತ್ತೆ ಹೆಸರು ಹೇಳಿ, ಆರಿದ್ರಾ ಅಂದರು. ಅಷ್ಟಕ್ಕೆ ಸುಮ್ಮನಿದ್ದರೆ ಅವರು ನಮ್ಮ ಮಾವನೇ ಅಲ್ಲ. ಆ ನಕ್ಷತ್ರ ಈಗ ಇದೆಯೋ ಇಲ್ಲವೋ ಖಚಿತವಾಗಿ ಹೇಳೋಕಾಗಲ್ಲ ಸ್ವಾಮಿ, ಅಲ್ಲಿಂದ ಸುದ್ದಿ ಬರೋದಕ್ಕೇ ಐನೂರು ಆರುನೂರು ವರ್ಷ ಬೇಕು ಅಂದರು. ಅರ್ಚಕರು ತುಳಸಿಯ ಮೇಲೆ ಇಟ್ಟ ಕೈಯನ್ನು ಅಲ್ಲೇ ತಡೆದರು. ಹಿಂದೆ ಸಾಲು ಬೆಳೆಯುತ್ತಿತ್ತು. ಇಲ್ಲದ ನಕ್ಷತ್ರಕ್ಕೆ ಸಂಕಲ್ಪ ಮಾಡಿದರೆ ಫಲ ಯಾರಿಗೆ ಅಂತ ಅವರಿಗೂ ನಿಜವಾಗಿ ಅನುಮಾನ ಬಂದಿರಬೇಕು. ಹಾಗಾದರೆ ಇದೆ ಅಂತ ಇಟ್ಟುಕೊಳ್ಳಲಾ ಅಂತ ಕೇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಐತೆ, ನೀವು ಮಾಡಿ," ಅಂದರು. ಆ ದನಿ ಎಷ್ಟು ಗಟ್ಟಿಯಾಗಿತ್ತು ಅಂದರೆ ಅರ್ಚಕರು ತಕ್ಷಣ ಮಂತ್ರ ಶುರುಮಾಡಿದರು. ಮಾವ ಎರಡು ಹೆಜ್ಜೆ ಹಿಂದೆ ಸರಿದರು.

ಮಾದಿಹಳ್ಳಿಯಲ್ಲಿರುವ ಅತ್ತೆಯ ತಮ್ಮನಿಗೆ ಈ ವಿಷಯ ಸುತರಾಂ ಒಪ್ಪಿಗೆಯಿರಲಿಲ್ಲ. ಆತ ರಾಗಿ, ತೆಂಗು, ಒಂದಿಷ್ಟು ಭತ್ತ ಅಂತ ಮಾಡಿಕೊಂಡು, ಡೇರಿಗೆ ಹಾಲು ಹಾಕಿಕೊಂಡಿರುವ ಮನುಷ್ಯ. ರೋಹಿಣಿ, ಮೃಗಶಿರಾ, ಆರಿದ್ರಾ ಅಂತ ನಕ್ಷತ್ರದ ಹೆಸರಿನ ಮಳೆಗಳನ್ನು ನೋಡಿಕೊಂಡೇ ಬಿತ್ತನೆ ಮಾಡುವವನು. ಹೆಸರಿನವನೇ ಹೋದಮೇಲೆ ಮಳೆ ಯಾರ ಹೆಸರಲ್ಲಿ ಬತ್ತದೆ ಭಾವ ಅಂತ ಕೇಳಿದ. ಮಾವ ಒಕ್ಕಣೆ ಕಣದಲ್ಲಿ ಕೂತು, ನೆಲದ ಮೇಲೆ ಕಡ್ಡಿಯಿಂದ ಸೂರ್ಯ, ಭೂಮಿ ಎಲ್ಲ ಬರೆದು, ಸೂರ್ಯ ಆ ದಿಕ್ಕಿಗೆ ಬಂದಾಗ ಆರಿದ್ರಾ ಮಳೆ ಅಂತ ಹೆಸರೇ ಹೊರತು ನಕ್ಷತ್ರ ಮಳೆ ತರಲ್ಲ ಅಂತ ವಿವರಿಸಿದರು. ಅಷ್ಟರಲ್ಲಿ ಒಂದು ಕೋಳಿ ಬಂದು ಸೂರ್ಯನನ್ನು ಕೆದರಿಹಾಕಿತು. ತಮ್ಮ ತಲೆಯಾಡಿಸಿದ. ಆದರೆ ನಾವು ಹೊರಡುವಾಗ ನನ್ನನ್ನು ಹಿತ್ತಲಿಗೆ ಕರೆದು, "ಮಳೆ ಹಾಳಾಗ್ಲಿ ಬುಡವ್ವ, ಅದು ನಮ್ಮಕ್ಕನ ನಕ್ಷತ್ರ. ಅದು ಹೋಗ್ಲಿ ಅಂತ ಮನೆಯವ್ರೇ ಕಾಯ್ಕೊಂಡು ಕೂತ್ಕೊಳದು ಒಳ್ಳೇದಲ್ಲ," ಅಂದ. ಅವನ ಮುಖ ನೋಡಿ ನನಗೂ ಒಂದು ಥರ ಆಯಿತು.

ಇಷ್ಟೆಲ್ಲ ಆದಮೇಲೆ ಒಂದು ದಿನ ಸಂದೇಶ ಬಂದೇಬಿಟ್ಟಿತು.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇತ್ತು. ಆ ವಾರವೇ ಹಾಸನದ ಡಾಕ್ಟರು ಅತ್ತೆಯ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲೂ ಹೆಚ್ಚು ದಿನ ಇಲ್ಲ ಅಂದಿದ್ದರು. ಮಾವ ಅವತ್ತಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಬೆಳಿಗ್ಗೆ ಬ್ಯಾಂಕು ಬಾಗಿಲು ತೆಗೆದ ಹೊತ್ತಿಗೆ ನನಗೆ ಅವರ ಫೋನು. ಬಂತು ಕಣೇ ಅಂದರು. ಯಾರು ಯಾರಿಗೆ ತಿಳಿಸಬೇಕು ಅಂತ ಅವರು ಮೊದಲೇ ಕಟ್ಟುಮಾಡಿದ್ದರು. ನಾನು ಮಾದಿಹಳ್ಳಿಗೆ ಹೇಳಬೇಕು, ಅವರು ಹಗರೆಯ ನೆಂಟರಿಗೆ ಹೇಳಬೇಕು. ನಾನು ರಜೆ ಬರೆದುಕೊಟ್ಟು ಎದ್ದೆ. ಯಾರ ಮನೆಯಲ್ಲಿ ಏನಾಗಿದೆ ಮೇಡಂ ಅಂತ ಮ್ಯಾನೇಜರು ಕೇಳಿದರು. ನಕ್ಷತ್ರ ಹೋಗಿದೆ ಸರ್ ಅಂದೆ. ಕಪ್ಪೆಯನ್ನು ನೋಡಿದ್ದವರು, ಸಹಿ ಹಾಕಿದರು.

ಮಧ್ಯಾಹ್ನ ದಾಟುವಷ್ಟರಲ್ಲಿ ಮನೆ ತುಂಬಿತು. ನಮ್ಮ ಜನಕ್ಕೆ ಸಾವಿನ ಸುದ್ದಿ ಅಂದರೆ ಎಲ್ಲಿದ್ದವರೂ ಹೊರಟು ಬರುವುದು ರೂಢಿ. ಸತ್ತದ್ದು ಆಕಾಶದಲ್ಲಿ ಅನ್ನುವ ಕಾರಣಕ್ಕೆ ಅದನ್ನು ತಪ್ಪಿಸಲು ಯಾರಿಗೂ ಮನಸ್ಸು ಬರಲಿಲ್ಲ. ಆದರೆ ಬಂದಮೇಲೆ ಏನು ಮಾಡಬೇಕು ಅಂತ ಒಬ್ಬರಿಗೂ ಗೊತ್ತಿಲ್ಲ. ಸೂತಕದ ಮನೆಯಲ್ಲಿ ಒಲೆ ಹಚ್ಚುವ ಹಾಗಿದೆಯೋ ಇಲ್ಲವೋ ಅಂತ ಒಂದು ಚರ್ಚೆ. ಗ್ರಹಣದ ಹಾಗೆ ಊಟ ಬಿಟ್ಟು, ಆಮೇಲೆ ಸ್ನಾನ ಮಾಡಬೇಕೋ ಅಂತ ಇನ್ನೊಂದು. ಸ್ನಾನ ಅಂದ ಕೂಡಲೇ ಸಂಪಿನ ನೀರು ನೆನಪಾಗಿ ಮಾವ, ಏನೂ ಬೇಡ, ಎಲ್ಲರೂ ಹೊಟ್ಟೆ ತುಂಬ ತಿನ್ನಿ ಅಂತ ತೀರ್ಪು ಕೊಟ್ಟರು. ಅತ್ತೆ ಕೈಯಲ್ಲಿ ತಡವಿ ತಡವಿ ಡಬ್ಬಿ ತೆಗೆದು, ಅಷ್ಟೂ ಜನಕ್ಕೆ ಚಿತ್ರಾನ್ನ ಕಲಸಿದರು.

ಅತ್ತೆಯ ತಮ್ಮ ಬಂದದ್ದು ಸಂಜೆಗೆ. ಕೈಯಲ್ಲಿ ಸೀರೆ, ರವಿಕೆ ಕಣ, ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಹೂವು. ಅಕ್ಕನ ನಕ್ಷತ್ರವೇ ಹೋಗಿದೆ ಅಂದಮೇಲೆ ತವರಿನವರು ಬರಿಗೈಯಲ್ಲಿ ಬರುವುದು ಹೇಗೆ? ಅಕ್ಕನಿಗೇನೂ ಆಗದೇ ಇರಲಿ ಅಂತ ಮಡಿಲು ತುಂಬಬೇಕು ಅಂತ ಅವನ ಹಠ. ಇದು ಯಾವ ಶಾಸ್ತ್ರದಲ್ಲಿದೆ ಅಂತ ಮಾವ ಕೇಳಿದರೆ, ನಿಮ್ಮ ನ್ಯೂಟ್ರಿನೊ ಯಾವ ಶಾಸ್ತ್ರದಲ್ಲೈತೆ ಅಂದ. ಮಾವನಿಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಅತ್ತೆ ಮಣೆಯ ಮೇಲೆ ಕೂತು ಸೆರಗೊಡ್ಡಿದರು. ತಮ್ಮ ಕಣ್ಣೊರೆಸಿಕೊಳ್ಳುತ್ತಾ ಅಕ್ಕಿ ಹಾಕಿದ. ನಗು ತಡೆದುಕೊಂಡು ನಿಂತಿದ್ದ ನಾನು ಹೋಗಿ ತೆಂಗಿನಕಾಯಿ ಎತ್ತಿಕೊಟ್ಟೆ.

ಹೊತ್ತು ಮುಳುಗಿದ ಮೇಲೆ ಎಲ್ಲರೂ ಮಹಡಿಯ ಮೇಲೆ ಹೋದೆವು. ಮಾವ ಅತ್ತೆಯ ಕೈ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸಿ, ಕುರ್ಚಿ ಹಾಕಿ ಕೂರಿಸಿದರು. ಆಕಾಶ ತಿಳಿಯಾಗಿತ್ತು. ಮೂರು ಚುಕ್ಕಿ ಬಂದವು. ಆರಿದ್ರಾನೂ ಬಂತು, ಯಾವಾಗಲೂ ಇರುವ ಹಾಗೆ, ಸಣ್ಣಗೆ, ಕೆಂಪಗೆ. ಇನ್ನೇನು, ಇನ್ನೇನು ಅಂತ ಎಲ್ಲರೂ ಕತ್ತು ಎತ್ತಿ ನಿಂತೆವು. ಫೋನು ನನ್ನ ಕೈಗೆ ಕೊಟ್ಟಿದ್ದರು. ಹೊಸ ಸುದ್ದಿ ಏನಾದರೂ ಬಂತಾ ನೋಡು ಅಂದಿದ್ದರು. ನಾನು ಬೆಳಗಿನ ಆ ಇಂಗ್ಲಿಷ್ ಸಂದೇಶವನ್ನೇ ತೆಗೆದು ಮೊದಲಿಂದ ಓದತೊಡಗಿದೆ. ಕೊನೆಗೆ, ತೀರಾ ಕೆಳಗೆ, ಸಣ್ಣ ಅಕ್ಷರದಲ್ಲಿ ಎರಡು ಸಾಲು ಇತ್ತು. ವ್ಯವಸ್ಥೆ ಸರಿಯಾಗಿದೆಯೇ ಅಂತ ನೋಡಲು ಕಳಿಸಿದ ಪರೀಕ್ಷಾ ಸಂದೇಶ ಇದು, ಯಾವ ನಕ್ಷತ್ರಕ್ಕೂ ಏನೂ ಆಗಿಲ್ಲ ಅಂತ.

ಸರ್ವೀಸಿನಲ್ಲಿ ಒಂದು ಸಂದೇಶವನ್ನು ಎರಡು ಸಲ ಓದದೆ ಒಂದು ಗಾಡಿಯನ್ನೂ ಬಿಟ್ಟವರಲ್ಲ ನಮ್ಮ ಮಾವ. ಇದನ್ನು ಮಾತ್ರ ಅರ್ಧ ಓದಿ ಎದ್ದುಬಿಟ್ಟಿದ್ದರು. ನಾನು ಹತ್ತಿರ ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಅತ್ತೆಯ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು.

"ಏನಾಯ್ತು?" ಅಂದರು ಅತ್ತೆ.

"ನಾನೇ ತಪ್ಪು ಓದಿದೆ. ಸುಳ್ಳು ಸುದ್ದಿ."

"ಹಂಗಾದ್ರೆ ಅದು ಐತಾ?"

"ಐತೆ."

ಅತ್ತೆ ದೊಡ್ಡದಾಗಿ ಉಸಿರು ಬಿಟ್ಟರು. ತುಂಬಿದ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದರು. "ಸದ್ಯ. ದಿನಾ ದೀಪ ಹಚ್ಚುವಾಗ ನಾನು ಅದನ್ನೇ ಕೇಳ್ಕತಿದ್ದೆ. ಅದು ಹೋಗದೆ ಇರ್ಲಿ ಅಂತ."

ಮಾವ ತಲೆಯೆತ್ತಿದರು. ನಿನಗೆ ಒಂದು ಸಲ ಕಾಣಲಿ ಅಂತ ನಾನು ಇಷ್ಟು ವರ್ಷ ಕಾದೆನಲ್ಲೇ ಅಂದರು.

"ಗೊತ್ತು ನಂಗೆ," ಅಂದರು ಅತ್ತೆ. "ರಿಟೈರ್ ಆದ್ಮೇಲೆ ನೀವು ಗೋಡೆ ನೋಡ್ಕಂಡು ಕೂತಿದ್ರಿ. ಮಾತಿಲ್ಲ, ಊಟ ಇಲ್ಲ. ಆಗ ನಂಗೆ ಕಣ್ಣಿತ್ತು, ಎಲ್ಲ ನೋಡಿದೀನಿ. ಇದು ಬಂದ್ಮೇಲೆ ಎದ್ದು ಓಡಾಡಿದ್ರಿ. ಇದೂ ಹೋದ್ರೆ ಮತ್ತೆ ಗೋಡೆ ಮುಂದೆ ಕೂರ್ತೀರಿ. ಆಗ ನಿಮ್ಮನ್ನ ನೋಡ್ಕಳಕ್ಕೆ ನಂಗೆ ಕಣ್ಣಿರಲ್ಲ."

ಅತ್ತೆ ಅದು ಎಲ್ಲಿದೆ ತೋರಿಸಿ ಅಂದರು. ಮಾವ ಎದ್ದು ನಿಂತು, ಅವರ ಬಲಗೈ ಹಿಡಿದು, ತೋರುಬೆರಳನ್ನು ಆರಿದ್ರಾದ ಕಡೆಗೆ ನೇರ ಮಾಡಿದರು. ಅತ್ತೆ ಆ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ಹೊತ್ತು ಇದ್ದರು. "ಇರ್ಲಿ ಬುಡಿ," ಅಂದರು. ಮಾದಿಹಳ್ಳಿಯ ತಮ್ಮ ಮೆಲ್ಲಗೆ ಮೆಟ್ಟಿಲಿಳಿದು ಹೋದ. ಅವನ ಹಿಂದೆ ನಾವೂ ಒಬ್ಬೊಬ್ಬರೇ ಇಳಿದೆವು.

ಅತ್ತೆಯ ಬಲಗಣ್ಣು ಆಮೇಲೆ ಬಹಳ ದಿನ ಉಳಿಯಲಿಲ್ಲ. ಈಗ ಅವರಿಗೆ ಹಗಲೂ ಒಂದೇ, ಇರುಳೂ ಒಂದೇ. ಇನ್ನು ಆ ನಕ್ಷತ್ರ ಸಿಡಿದರೂ ಯಾರಿಗೆ ಏನು ಉಪಯೋಗ? ಮಾವ ಫೋನು ಬಿಡುತ್ತಾರೆ, ಏಕಾದಶಿಯ ಮಹತ್ವ ಕಳಿಸುವ ನಮ್ಮಮ್ಮನಿಗೂ ಮತ್ತೆ ಪ್ರವೇಶ ಸಿಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅತ್ತೆ ದಿನಾ ಒಂದು ಸಲ, ಐತಾ ಅಂತ ಕೇಳುತ್ತಾರೆ. ಬೇಸಿಗೆಯವರೆಗೆ ಮಾವ ಸಂಜೆ ಮಹಡಿ ಹತ್ತಿ ನೋಡಿ ಬರುತ್ತಾರೆ, ಮಳೆಗಾಲ ಕಳೆದಮೇಲೆ ಬೆಳಗಿನ ಜಾವ ಎದ್ದು ನೋಡುತ್ತಾರೆ. ಮಧ್ಯದಲ್ಲಿ, ಜೂನ್ ಕೊನೆಗೆ, ಹೊಲದಲ್ಲಿ ಆರಿದ್ರಾ ಮಳೆ ಹುಯ್ಯುವ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ದಿಕ್ಕಿನಲ್ಲೇ ಸೇರಿಕೊಂಡಿರುತ್ತದೆ. ಆಗ ಕಣ್ಣಿರುವ ನಮಗೂ ಅದು ಕಾಣುವುದಿಲ್ಲ. ಅದು ಸತ್ತರೂ ಬದುಕಿದರೂ ಹೇಳಬಲ್ಲದ್ದು ಸೂರ್ಯನನ್ನೂ ತೂರಿಕೊಂಡು ಬರುವ ಆ ಕಣಗಳು ಮಾತ್ರ.

ಹೋದ ವಾರ ನಾನು ಅಲ್ಲೇ ಇದ್ದೆ. ಹೊರಗೆ ಮಳೆ ಹಿಡಿದಿತ್ತು. ಅತ್ತೆ ಒಲೆಯ ಮುಂದೆ ನಿಂತು ಕೇಳಿದರು. ಮಾವ ಜೇಬಿನಿಂದ ಫೋನು ತೆಗೆದು, ಕನ್ನಡಕ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ ಎರಡು ಸಲ ನೋಡಿದರು. ಯಾವ ಸುದ್ದಿಯೂ ಬಂದಿರಲಿಲ್ಲ.

"ಐತೆ ಕಣೇ," ಅಂದರು.

ಅತ್ತೆ ಕೈಯಲ್ಲಿ ತಡವಿ ಒಲೆ ಸಣ್ಣ ಮಾಡಿ, ಹಂಗಾದ್ರೆ ಕೈ ತೊಳ್ಕಂಡು ಬನ್ನಿ, ಬಿಸಿ ಇರುವಾಗಲೇ ಉಣ್ಣಿ ಅಂದರು.